ಕಂಪೈಲ್ ಆದರೆ ಸಾಲದು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಮಳೆ ಒಂದೇ ತೆರನಾಗಿ ಸುರಿಯುವುದಿಲ್ಲ. 1997ರಲ್ಲಿ ಈ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿಯಲ್ಲಿ ಜಡಿಮಳೆ ಹಿಡಿದ ದಿನ ಜಗಳೂರಿನಲ್ಲಿ ಮೋಡವೂ ಕಾಣದಿರಬಹುದು. ಅಷ್ಟೇ ಏಕೆ, ಒಂದೇ ಹೋಬಳಿಯ ಒಂದೂರಿನಲ್ಲಿ ಹದ ಮಳೆಯಾಗಿ ಪಕ್ಕದೂರಿನಲ್ಲಿ ಮೆಕ್ಕೆಜೋಳ ಬಾಡುವುದು ರೈತರಿಗೆ ಹೊಸದೇನಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಂದು ಮಳೆಮಾಪಕ ಇಟ್ಟು ಇಡೀ ತಾಲ್ಲೂಕಿನ ಲೆಕ್ಕ ಹೇಳಿದರೆ ಅದು ನ್ಯಾಯದ ಲೆಕ್ಕವಾಗದು.

ಈ ಕೊರತೆ ನೀಗಲೆಂದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿತು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಇದು. ರಾಜ್ಯದಾದ್ಯಂತ ಹೀಗೆ ನಿಂತ ಮಾಪಕಗಳ ಸಂಖ್ಯೆ 6 ಸಾವಿರಕ್ಕೂ ಹೆಚ್ಚು. ಸೌರ ಫಲಕದಿಂದ ವಿದ್ಯುತ್ ಪಡೆದು, 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣ ದಾಖಲಿಸಿ, ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸುವಂತೆ ಇವುಗಳನ್ನು ರೂಪಿಸಲಾಯಿತು. ಬರ ಘೋಷಣೆಗೆ ಮಳೆಯ ಕೊರತೆಯೂ, ಸತತ ಮೂರು-ನಾಲ್ಕು ವಾರ ಮಳೆ ಕೈಕೊಟ್ಟದ್ದೂ ಮುಖ್ಯ ಮಾನದಂಡಗಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ ಜನಸಾಮಾನ್ಯರಿಗೂ ಇಂಥ ಅಂಕಿಗಳ ಬೆಲೆ ಗೊತ್ತಾಯಿತು. ಅಡಿಕೆಯಂಥ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಂತೂ ಪರಿಹಾರ ನಿಲ್ಲುವುದೇ ಹವಾಮಾನದ ದಾಖಲೆಯ ಮೇಲೆ. ಒಂದು ವಾರದ ಅಂಕಿ ಕಳೆದುಹೋದರೆ ಅದು ಯಾರದೋ ಒಂದು ವರ್ಷದ ದುಡಿಮೆಯ ಪ್ರಶ್ನೆಯಾಗುತ್ತದೆ.

ಇಂಥದೊಂದು ಮಳೆಮಾಪಕದ ಮಾದರಿಯನ್ನು ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಕಟ್ಟುವುದಾದರೆ ಒಳಗಿನ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುವ ಸಂಭವವಿದೆ ಎಂಬುದು ತಿಳಿದಿರಬೇಕು.

ತೊಟ್ಟಿ ಮಗುಚಿದಾಗ

ಮಾಪಕದ ಬಾಯಿಗೆ ಬಿದ್ದ ನೀರು ಆಲಿಕೆಯ ಮೂಲಕ ಒಂದು ಪುಟ್ಟ ಜೋಡಿ ತೊಟ್ಟಿಗೆ ಇಳಿಯುತ್ತದೆ. ಏತದಂತೆ ಅತ್ತಿತ್ತ ವಾಲುವ ಈ ತೊಟ್ಟಿಯ ಒಂದು ಮಗ್ಗುಲು ತುಂಬಿದಾಗ ಅದು ಮಗುಚಿ, ಇನ್ನೊಂದು ಮಗ್ಗುಲು ನೀರಿಗೆ ಒಡ್ಡಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಮಗುಚುವಿಕೆ ಎಂದರೆ 0.2 ಅಥವಾ 0.5 ಮಿಲಿಮೀಟರ್ ಮಳೆ. ತೊಟ್ಟಿಗೆ ಅಂಟಿಸಿದ ಅಯಸ್ಕಾಂತವು ಪ್ರತಿ ಸಲವೂ ಒಂದು ಸ್ವಿಚ್ಚನ್ನು ಮುಟ್ಟಿಸಿ ಬಿಡುತ್ತದೆ. ಆ ಕ್ಷಣದ ಮಿಡಿತವನ್ನು ಎಣಿಸುವುದು ಒಳಗಿರುವ ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿ ಅಡಕವಾದ ಕಂಪ್ಯೂಟರ್.

ಈ ಕಂಪ್ಯೂಟರಿಗೆ ಏಕಕಾಲಕ್ಕೆ ಹಲವು ಕೆಲಸ: ಮಿಡಿತ ಎಣಿಸಬೇಕು, ಕಾಲು ಗಂಟೆಗೊಮ್ಮೆ ಮೊತ್ತ ಬರೆದಿಡಬೇಕು, ಜಾಲ ಸಿಕ್ಕಾಗ ಕಳುಹಿಸಬೇಕು, ಬ್ಯಾಟರಿ ನೋಡಿಕೊಳ್ಳಬೇಕು. ಈ ಕೆಲಸಗಳಿಗೆ ಸರದಿ ಹಚ್ಚುವ ತಂತ್ರಾಂಶವೇ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ, ಅಂದರೆ ಸಕಾಲಿಕ ಕಾರ್ಯಾಚರಣ ವ್ಯವಸ್ಥೆ. 'ರಿಯಲ್ ಟೈಮ್' ಎಂದರೆ ಅತಿ ವೇಗ ಎಂದು ಅನೇಕರು ತಿಳಿಯುವುದುಂಟು. ಹಾಗಲ್ಲ. ಭದ್ರಾ ನಾಲೆಯಲ್ಲಿ ಸರದಿ ನೀರು ರಾತ್ರಿ ಎರಡಕ್ಕೆ ಎಂದರೆ ಎರಡಕ್ಕೇ ಗದ್ದೆಯ ಬದುವಿನ ಮೇಲೆ ಇರಬೇಕು. ನಾಲ್ಕಕ್ಕೆ ಹೋಗಿ ಎಷ್ಟು ಚುರುಕಾಗಿ ಮಡೆ ತಿರುಗಿಸಿದರೂ ಪ್ರಯೋಜನವಿಲ್ಲ. ಹೇಳಿದ ಹೊತ್ತಿಗೆ ತಪ್ಪದೆ ಕೆಲಸ ಆಗಬೇಕು, ಅಷ್ಟೇ ಇದರ ಅರ್ಥ. 1987ರಲ್ಲಿ ಬಂದ ವಿಎಕ್ಸ್‌ವರ್ಕ್ಸ್, 2003ರಲ್ಲಿ ರಿಚರ್ಡ್ ಬ್ಯಾರಿ ರೂಪಿಸಿದ ಫ್ರೀಆರ್‌ಟಿಓಎಸ್ ಈ ಜಾತಿಯವು. ಎರಡನೆಯದು ಉಚಿತವಾಗಿ ಸಿಗುವುದರಿಂದ ವಿದ್ಯಾರ್ಥಿಗಳಿಗೆ ಅನುಕೂಲ.

ಬರೆದಿಡಲು ಒಂದು ಕಡತ

ಮೊಬೈಲ್ ಜಾಲ ನಾಲ್ಕು ದಿನ ಸಿಗದಿದ್ದರೆ? ಅಷ್ಟೂ ದಿನದ ಲೆಕ್ಕ ಯಂತ್ರದಲ್ಲೇ ಉಳಿಯಬೇಕು. ದಿನಕ್ಕೆ 96 ದಾಖಲೆ, ವರ್ಷಕ್ಕೆ 35,040. ಒಂದಕ್ಕೆ 32 ಬೈಟ್ ಹಿಡಿದರೂ ವರ್ಷದ ಲೆಕ್ಕ ಸುಮಾರು 11 ಲಕ್ಷ ಬೈಟ್ ಆಗುತ್ತದೆ. ಒಂದರ ಕೆಳಗೊಂದು ಬರೆದುಕೊಂಡು ಹೋಗುವುದಷ್ಟೇ ಆದರೆ ಸಾಮಾನ್ಯ ಕಡತ ಸಾಕು. ಆದರೆ 'ಇನ್ನೂ ಕಳುಹಿಸದ ದಾಖಲೆಗಳು ಯಾವುವು?', 'ಕಳೆದ ಮೂರು ವಾರದ ಮಳೆ ಎಷ್ಟು?' ಎಂದು ಸ್ಥಳದಲ್ಲೇ ಕೇಳಬೇಕಾದಾಗ ಡೇಟಾಬೇಸ್ ಬೇಕಾಗುತ್ತದೆ.

ಈ ಕೆಲಸಕ್ಕೆ ಹೆಸರಾದದ್ದು ಎಸ್‌ಕ್ಯೂಲೈಟ್. 2000ನೇ ಇಸವಿಯಲ್ಲಿ ಅಮೆರಿಕದ ರಿಚರ್ಡ್ ಹಿಪ್ ಅವರು ನೌಕಾಪಡೆಯ ಹಡಗೊಂದರ ತಂತ್ರಾಂಶದ ಕೆಲಸದಲ್ಲಿದ್ದರು. ದೊಡ್ಡ ಡೇಟಾಬೇಸಿನ ಸರ್ವರ್ ನಿಂತಾಗಲೆಲ್ಲ ತಮ್ಮ ತಂತ್ರಾಂಶವೂ ಕೈಕಟ್ಟಿ ಕೂರಬೇಕಾದ ಫಜೀತಿ. ಸರ್ವರಿನ ಹಂಗಿಲ್ಲದೆ ತಂತ್ರಾಂಶದ ಒಳಗೇ ಬೆರೆತು ಕೆಲಸ ಮಾಡುವ ಡೇಟಾಬೇಸ್ ಏಕಿರಬಾರದು ಎಂಬ ಆಲೋಚನೆಯಿಂದ ಹುಟ್ಟಿದ್ದು ಎಸ್‌ಕ್ಯೂಲೈಟ್. ಹಿಪ್ ಅದರ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟರು. ಇಂದು ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಅದು ಇದೆ. ನೂರಕ್ಕೂ ಹೆಚ್ಚು ಮೂಲ ಕಡತಗಳನ್ನು ಒಂದೇ ದೊಡ್ಡ ಸಿ ಕಡತವಾಗಿ ಹೊಂದಿಸಿ ಕೊಡುವುದರಿಂದ ಅದನ್ನು ಕಂಪೈಲ್ ಮಾಡುವುದು ಮೇಲ್ನೋಟಕ್ಕೆ ಬಹು ಸುಲಭ.

ಕಂಪೈಲ್ ಎಂದರೆ ಸಿ ಭಾಷೆಯ ಬರಹವನ್ನು ಯಂತ್ರದ ಭಾಷೆಗೆ ಇಳಿಸುವುದು. ಮಳೆಮಾಪಕದ ಚಿಪ್ಪಿನಲ್ಲಿ ಕಂಪೈಲರ್ ಓಡಿಸುವಷ್ಟು ಜಾಗವಿಲ್ಲ. ಆದ್ದರಿಂದ ಮನೆಯ ಅಥವಾ ಕಾಲೇಜಿನ ಕಂಪ್ಯೂಟರಿನಲ್ಲಿ ಕುಳಿತು ಬೇರೊಂದು ಯಂತ್ರಕ್ಕಾಗಿ ಕಂಪೈಲ್ ಮಾಡಬೇಕು. ಇದಕ್ಕೆ ಕ್ರಾಸ್ ಕಂಪೈಲ್ ಎಂದು ಹೆಸರು. ಹೀಗೆ ಸಿದ್ಧವಾದ ತುಣುಕುಗಳ ಕಟ್ಟೇ ಲೈಬ್ರರಿ. ಅದನ್ನು ಮಳೆಮಾಪಕದ ಸ್ವಂತ ತಂತ್ರಾಂಶದೊಡನೆ ಜೋಡಿಸುವವನು ಲಿಂಕರ್.

ಮೊದಲು ಬೋರ್ಡ್ ಆರಿಸುವಾಗಲೇ ಎಚ್ಚರವಿರಬೇಕು. ಕಾಲೇಜುಗಳಲ್ಲಿ ಎಲ್ಲರ ಕೈಯಲ್ಲಿರುವ ಆರ್ಡುಯಿನೊ ಯುನೊ ಬೋರ್ಡಿನ ತಾತ್ಕಾಲಿಕ ಸ್ಮರಣೆ ಕೇವಲ 2 ಕಿಲೋಬೈಟ್. ಎಸ್‌ಕ್ಯೂಲೈಟ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಇಎಸ್‌ಪಿ32 ಬೋರ್ಡಿನ ಚಿಪ್ಪಿನಲ್ಲಿ 520 ಕಿಲೋಬೈಟ್ ಇದೆ. ಅದರ ತಯಾರಕರು ಕೊಡುವ ತಂತ್ರಾಂಶದಲ್ಲಿ ಫ್ರೀಆರ್‌ಟಿಓಎಸ್ ಸೇರಿಯೇ ಇದೆ. ಪ್ರಯೋಗಕ್ಕೆ ಇಷ್ಟು ಸಾಕು.

ಲಿಂಕರ್ ಹೇಳುವ ಬುದ್ಧಿ

ಎಸ್‌ಕ್ಯೂಲೈಟ್ ಮಾಮೂಲಿಯಾಗಿ ಯುನಿಕ್ಸ್ ಅಥವಾ ವಿಂಡೋಸ್ ಇದೆ ಎಂದೇ ನಂಬಿ ಹೊರಡುತ್ತದೆ. ಅವೆರಡೂ ಇಲ್ಲದ ಕಡೆ 'ಓಎಸ್ ಅದರ್' ಎಂಬ ಗುರುತಿಗೆ 1 ಎಂಬ ಬೆಲೆ ಕೊಟ್ಟು ಕಂಪೈಲ್ ಮಾಡಬೇಕು. ಆಗ ಕಂಪೈಲರ್ ತಕರಾರಿಲ್ಲದೆ ಕೆಲಸ ಮುಗಿಸುತ್ತದೆ. ವಿದ್ಯಾರ್ಥಿ ಗೆದ್ದೆನೆಂದುಕೊಳ್ಳುವ ಹೊತ್ತಿಗೆ ಲಿಂಕರ್ ಎದ್ದು ನಿಂತು, ಇಂತಿಂಥ ಕಾರ್ಯಗಳು ಎಲ್ಲೂ ಸಿಗುತ್ತಿಲ್ಲ ಎಂದು ಹೇಳುತ್ತದೆ.

ಏನದು ಕಾಣೆಯಾದದ್ದು? ಕಡತ ತೆರೆಯುವುದು, ಓದುವುದು, ಬರೆಯುವುದು, ಬರೆದದ್ದು ಫ್ಲ್ಯಾಶ್ ಸ್ಮರಣೆಗೆ ನಿಜವಾಗಿ ಇಳಿಯಿತೇ ಎಂದು ಖಾತ್ರಿ ಮಾಡುವುದು, ಬೀಗ ಹಾಕುವುದು, ಗಂಟೆ ಎಷ್ಟೆಂದು ಹೇಳುವುದು. ದೊಡ್ಡ ಕಂಪ್ಯೂಟರಿನಲ್ಲಿ ಇವನ್ನೆಲ್ಲ ಆಪರೇಟಿಂಗ್ ಸಿಸ್ಟಂ ಸದ್ದಿಲ್ಲದೆ ಮಾಡಿಕೊಡುತ್ತದೆ. ಇಲ್ಲಿ ಅವನ್ನು ಒದಗಿಸುವ ಹೊಣೆ ಲೈಬ್ರರಿ ತಂದವರದು. ಎಸ್‌ಕ್ಯೂಲೈಟ್ ಈ ಕಾರ್ಯಗಳನ್ನೆಲ್ಲ ವಿಎಫ್‌ಎಸ್ ಎಂಬ ಒಂದೇ ಪದರದಲ್ಲಿ ಗುಂಪು ಮಾಡಿದೆ. ಹೇಗೆ ಬರೆಯಬೇಕೆಂಬುದಕ್ಕೆ ಮಾದರಿಯನ್ನೂ ಜೊತೆಗೆ ಕೊಟ್ಟಿದೆ.

ಅಪಾಯ ಬರುವುದು ಇಲ್ಲೇ. ಲಿಂಕರಿನ ಬಾಯಿ ಮುಚ್ಚಿಸುವುದು ಬಹಳ ಸುಲಭ. ಕಾಣೆಯಾದ ಪ್ರತಿಯೊಂದು ಹೆಸರಿಗೂ ಏನೂ ಮಾಡದೆ 'ಆಯಿತು' ಎಂದಷ್ಟೇ ಉತ್ತರಿಸುವ ಖಾಲಿ ಕಾರ್ಯ ಬರೆದರಾಯಿತು. ಲೈಬ್ರರಿ ಜೋಡಣೆಯಾಗುತ್ತದೆ, ಬೋರ್ಡ್ ಚಾಲೂ ಆಗುತ್ತದೆ, ದಾಖಲೆ ಬರೆದಂತೆಯೂ ಕಾಣುತ್ತದೆ. ಪ್ರಾಜೆಕ್ಟ್ ಪರೀಕ್ಷಕರ ಮುಂದೆ ಹತ್ತು ನಿಮಿಷ ಓಡಿ ಪೂರ್ಣ ಅಂಕವನ್ನೂ ಗಳಿಸಬಹುದು. ಪಂಚಾಯಿತಿ ಕಟ್ಟಡದ ಮೇಲೆ ಒಂದು ಮಳೆಗಾಲ ನಿಲ್ಲಲಾರದು.

ಖಾಲಿ ಬಿಡುವುದೆಲ್ಲ ತಪ್ಪೆಂದಲ್ಲ. ಡೇಟಾಬೇಸನ್ನು ಮುಟ್ಟುವುದು ಒಂದೇ ಕೆಲಸ, ಒಂದೇ ದಾರಿಯಿಂದ ಎಂದು ನಿಶ್ಚಯಿಸಿದರೆ ಕಡತದ ಬೀಗದ ಕಾರ್ಯವನ್ನು ಖಾಲಿ ಬಿಡಬಹುದು. ಏಕೆ ಖಾಲಿ ಬಿಟ್ಟಿದೆ ಎಂಬುದು ಗೊತ್ತಿರಬೇಕು; ಅದನ್ನು ಅಲ್ಲೇ ಟಿಪ್ಪಣಿಯಾಗಿ ಬರೆದಿರಬೇಕು.

ಕೊಟ್ಟ ಮಾತು ನಡೆಸಬೇಕಾದ ಕಡೆ

ಖಾಲಿ ಬಿಡಲೇಬಾರದ ಮೊದಲ ಕಾರ್ಯ 'ಸಿಂಕ್', ಬರೆದದ್ದನ್ನು ಫ್ಲ್ಯಾಶಿಗೆ ಇಳಿಸುವ ಕಾರ್ಯ. ಸಹಕಾರ ಸಂಘದ ಹಳೆಯ ಕಾರ್ಯದರ್ಶಿಗಳಲ್ಲಿ ಒಂದು ಜಾಣತನವಿರುತ್ತಿತ್ತು. ಲೆಡ್ಜರಿನ ಪುಟ ತಿದ್ದುವ ಮೊದಲು ಹಳೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು. ತಿದ್ದುವುದು ಮುಗಿದ ಮೇಲೆ ಚೀಟಿ ಹರಿಯುವುದು. ನಡುವೆ ಏನಾದರೂ ಆದರೆ ಚೀಟಿ ನೋಡಿ ಮೊದಲಿನಂತೆ ಮಾಡಬಹುದು. ಎಸ್‌ಕ್ಯೂಲೈಟ್ ಮಾಡುವುದೂ ಇದನ್ನೇ. ಆ ಚೀಟಿಗೆ ಜರ್ನಲ್ ಎನ್ನುತ್ತಾರೆ. ಆದರೆ ಚೀಟಿ ನಿಜವಾಗಿ ಬರೆದಾದ ಮೇಲೆಯೇ ಲೆಡ್ಜರಿಗೆ ಕೈಹಾಕಬೇಕು. ಸಿಂಕ್ ಕಾರ್ಯ ಸುಳ್ಳು ಹೇಳಿದರೆ ಚೀಟಿ ಇನ್ನೂ ತಾತ್ಕಾಲಿಕ ಸ್ಮರಣೆಯಲ್ಲೇ ಇರುವಾಗ ಲೆಡ್ಜರ್ ತಿದ್ದುವುದು ಶುರುವಾಗುತ್ತದೆ. ಆ ಗಳಿಗೆಗೆ ಬ್ಯಾಟರಿ ಕೈಕೊಟ್ಟರೆ ಚೀಟಿಯೂ ಇಲ್ಲ, ಲೆಡ್ಜರೂ ಇಲ್ಲ. ಗುಡುಗು ಸಿಡಿಲಿನ ದಿನವೇ ಮಳೆ ಹೆಚ್ಚು. ವಿದ್ಯುತ್ ತೊಂದರೆಯೂ ಅಂದೇ ಹೆಚ್ಚು ಎಂಬುದನ್ನು ಮರೆಯಬಾರದು.

ಎರಡನೆಯದು ಓದುವ ಕಾರ್ಯದ ಒಂದು ಸೂಕ್ಷ್ಮ. ಕೇಳಿದಷ್ಟು ಬೈಟ್ ಕಡತದಲ್ಲಿ ಇಲ್ಲದಿದ್ದರೆ, ಸಿಕ್ಕಷ್ಟನ್ನು ಕೊಟ್ಟು ಉಳಿದ ಜಾಗವನ್ನು ಸೊನ್ನೆಯಿಂದ ತುಂಬಿ, ಕಡಿಮೆ ಸಿಕ್ಕಿತೆಂದು ತಿಳಿಸಬೇಕು. ಸೊನ್ನೆ ತುಂಬದೆ ಬಿಟ್ಟರೆ ಹಿಂದೆ ಆ ಜಾಗದಲ್ಲಿದ್ದ ಕಸವನ್ನೇ ಡೇಟಾಬೇಸ್ ತನ್ನದೆಂದು ತಿಳಿಯುತ್ತದೆ. ಒಂದೇ ಸಾಲಿನ ಈ ಕೆಲಸ ಬಿಟ್ಟಿದ್ದಕ್ಕೆ ಇಡೀ ಕಡತ ಕೆಡಬಹುದು. ಎಸ್‌ಕ್ಯೂಲೈಟಿನ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ, ಓದುವವರು ಬೇಕು.

ಮೂರನೆಯದು ಗಡಿಯಾರ. ಚಿಪ್ ನಿಂತು ಮತ್ತೆ ಹೊರಟಾಗ ಹೊತ್ತು ಗೊತ್ತಿಲ್ಲದೆ 1970ರ ಜನವರಿ 1 ಎಂದು ದಾಖಲಿಸುವುದುಂಟು; ಯುನಿಕ್ಸಿನ ಕಾಲಗಣನೆ ಆರಂಭವಾಗುವುದು ಅಂದಿನಿಂದ. ತಪ್ಪು ದಿನಾಂಕದ ಮಳೆ, ಬಾರದ ಮಳೆಗಿಂತ ಹೆಚ್ಚು ಗೊಂದಲ ತರುತ್ತದೆ. ಗುಂಡಿ ಬ್ಯಾಟರಿಯಿಂದ ನಡೆಯುವ ಪ್ರತ್ಯೇಕ ಗಡಿಯಾರದ ಚಿಪ್ ಅಳವಡಿಸಿ ಅದರಿಂದ ವೇಳೆ ಪಡೆಯುವುದು ಸರಿಯಾದ ದಾರಿ.

ಇನ್ನು ಸ್ಮರಣೆ. ಬೇಕಾದಾಗ ಬೇಕಾದಷ್ಟು ಸ್ಮರಣೆ ಕೇಳುವ ಅಭ್ಯಾಸ ದೊಡ್ಡ ಕಂಪ್ಯೂಟರಿನಲ್ಲಿ ನಡೆಯುತ್ತದೆ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಪುಟ್ಟ ಯಂತ್ರದಲ್ಲಿ ಜಾಗ ಚೂರುಚೂರಾಗಿ, ಒಂದು ದಿನ ಇದ್ದೂ ಇಲ್ಲದಂತಾಗುತ್ತದೆ. ಮೊದಲೇ ಇಂತಿಷ್ಟು ಜಾಗ ಕಟ್ಟಿಟ್ಟು ಅದರೊಳಗೇ ಸಂಸಾರ ನಡೆಸುವಂತೆ ಎಸ್‌ಕ್ಯೂಲೈಟನ್ನು ಕಂಪೈಲ್ ಮಾಡಬಹುದು. ಡೇಟಾಬೇಸ್ ನಡೆಸುವ ಕೆಲಸಕ್ಕೆ ಸ್ಟ್ಯಾಕ್ ಎಂಬ ಜಾಗವನ್ನೂ ಧಾರಾಳವಾಗಿ ಕೊಡಬೇಕು. ಇತರ ಸಣ್ಣ ಕೆಲಸಗಳಿಗೆ ಕೊಡುವ ಒಂದೆರಡು ಕಿಲೋಬೈಟ್ ಇದಕ್ಕೆ ಸಾಲದು.

ಮಂಗಳನಲ್ಲಿ ಕಲಿತ ಪಾಠ

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಮಂಗಳ ಗ್ರಹದ್ದು. 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಅಲ್ಲಿ ಇಳಿಯಿತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್. ಇಳಿದ ಕೆಲವೇ ದಿನಗಳಲ್ಲಿ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ನಿಂತು ಹೊಸದಾಗಿ ಶುರುವಾಗತೊಡಗಿತು. ಕಾರಣ ವಿಚಿತ್ರ. ಹವಾಮಾನದ ಅಂಕಿ ಸಂಗ್ರಹಿಸುವ ಕೆಳದರ್ಜೆಯ ಕೆಲಸವೊಂದು ಎಲ್ಲರಿಗೂ ಸೇರಿದ ಒಂದು ಬೀಗ ಹಿಡಿದುಕೊಂಡಿತ್ತು. ಮೇಲ್ದರ್ಜೆಯ ಕೆಲಸಕ್ಕೆ ಅದೇ ಬೀಗ ಬೇಕು. ಅಷ್ಟರಲ್ಲಿ ಬೀಗದ ಗೊಡವೆಯೇ ಇಲ್ಲದ ಮಧ್ಯಮ ದರ್ಜೆಯ ಕೆಲಸಗಳು ಕೆಳದರ್ಜೆಯದನ್ನು ಬದಿಗೊತ್ತಿ ಓಡತೊಡಗಿದವು. ಕೆಳಗಿನವನಿಗೆ ಬೀಗ ಬಿಡಲು ಸರದಿ ಬಾರದು, ಮೇಲಿನವನಿಗೆ ಬೀಗ ಸಿಗದು. ಕಾವಲು ಗಡಿಯಾರ ಏನೋ ಕೆಟ್ಟಿದೆಯೆಂದು ತಿಳಿದು ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತಿತ್ತು.

ಎಂಜಿನಿಯರುಗಳು ಭೂಮಿಯಲ್ಲಿದ್ದ ಪ್ರತಿರೂಪದಲ್ಲಿ ಇದೇ ತೊಂದರೆಯನ್ನು ಮರುಸೃಷ್ಟಿಸಿ ಕಾರಣ ಹಿಡಿದರು. ಮೇಲಿನವನು ಕಾಯುತ್ತಿರುವಷ್ಟು ಹೊತ್ತು ಬೀಗ ಹಿಡಿದವನಿಗೂ ಮೇಲಿನ ದರ್ಜೆಯನ್ನೇ ಕೊಡುವ ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿ ಇತ್ತು. ಆ ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಅದನ್ನು ಚಾಲೂ ಮಾಡುವ ತಿದ್ದುಪಡಿಯನ್ನು ಭೂಮಿಯಿಂದಲೇ ಕಳುಹಿಸಿದರು, ತೊಂದರೆ ನಿಂತಿತು.

ಮಳೆಮಾಪಕಕ್ಕೂ ಇದೇ ಪಾಠ. ಫ್ರೀಆರ್‌ಟಿಓಎಸ್‌ನಲ್ಲಿ ಮ್ಯೂಟೆಕ್ಸ್ ಎಂಬ ಬೀಗಕ್ಕೆ ದರ್ಜೆ ಏರಿಸುವ ಗುಣವಿದೆ; ನೋಡಲು ಅದರಂತೆಯೇ ಇರುವ ಬೈನರಿ ಸೆಮಫೋರಿಗೆ ಇಲ್ಲ. ಅದಕ್ಕಿಂತ ಒಳ್ಳೆಯ ಏರ್ಪಾಡೆಂದರೆ ಡೇಟಾಬೇಸಿಗೆ ಒಬ್ಬನೇ ಯಜಮಾನನನ್ನು ನೇಮಿಸುವುದು. ಉಳಿದ ಕೆಲಸಗಳು ತಮ್ಮ ಅಂಕಿಗಳನ್ನು ಸಾಲಿನಲ್ಲಿ ಇಟ್ಟು ಹೋಗುತ್ತವೆ, ಅವನೊಬ್ಬನೇ ಎತ್ತಿ ಬರೆಯುತ್ತಾನೆ. ಮಿಡಿತ ಎಣಿಸುವವನು ಡೇಟಾಬೇಸಿಗಾಗಿ ಎಂದೂ ಕಾಯಬಾರದು. ಇಎಸ್‌ಪಿ32ರಲ್ಲಿ ಇನ್ನೂ ಒಂದು ಮಾತಿದೆ: ಫ್ಲ್ಯಾಶಿಗೆ ಬರೆಯುವ ಹೊತ್ತಿನಲ್ಲಿ ಅದೇ ಫ್ಲ್ಯಾಶಿನಲ್ಲಿರುವ ಕಾರ್ಯಗಳು ಓಡಲಾರವು. ಎಣಿಸುವ ಕಾರ್ಯವನ್ನು ಒಳಗಿನ ಸ್ಮರಣೆಯಲ್ಲಿ ಇಡಬೇಕು, ಇಲ್ಲವೇ ಚಿಪ್ಪಿನಲ್ಲೇ ಇರುವ ಮಿಡಿತ ಎಣಿಸುವ ಘಟಕಕ್ಕೆ ಒಪ್ಪಿಸಬೇಕು.

ತಂತಿ ಕಿತ್ತು ನೋಡಿ

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಬೋರ್ಡ್ ದಾಖಲೆ ಬರೆಯುತ್ತಿರುವಾಗಲೇ ವಿದ್ಯುತ್ ತಂತಿ ಕಿತ್ತು, ಮತ್ತೆ ಜೋಡಿಸಿ, ಎಸ್‌ಕ್ಯೂಲೈಟಿನ 'ಇಂಟೆಗ್ರಿಟಿ ಚೆಕ್' ಎಂಬ ತಪಾಸಣೆ ಓಡಿಸಬೇಕು. 'ಓಕೆ' ಎಂಬ ಉತ್ತರ ಒಮ್ಮೆ ಬಂದರೆ ಸಾಲದು, ಬೇರೆ ಬೇರೆ ಗಳಿಗೆಯಲ್ಲಿ ನೂರು ಸಲ ಕಿತ್ತರೂ ಬರಬೇಕು. ರಿಲೇ ಸ್ವಿಚ್ಚೊಂದನ್ನು ಇಟ್ಟು ಇದನ್ನು ರಾತ್ರಿಯಿಡೀ ತಾನಾಗಿ ನಡೆಯುವಂತೆಯೂ ಮಾಡಬಹುದು. ಬಳಿಕ ಆ ಕಡತವನ್ನೇ ಮನೆಯ ಕಂಪ್ಯೂಟರಿಗೆ ತಂದು ತೆರೆಯಬಹುದು; ಎಸ್‌ಕ್ಯೂಲೈಟ್ ಕಡತದ ರೂಪ ಎಲ್ಲ ಯಂತ್ರಗಳಿಗೂ ಒಂದೇ. ಲೋಟದಲ್ಲಿ ಅಳೆದು ಸುರಿದ ನೀರಿಗೂ ಕಡತದ ಅಂಕಿಗೂ ತಾಳೆ ನೋಡುವುದು ಕೊನೆಯ ಪರೀಕ್ಷೆ.

ಪೋಷಕರಿಗೆ ಒಂದು ಮಾತು. ಮಗ ಅಥವಾ ಮಗಳು ಮೂರು ದಿನದಿಂದ ಪರದೆಯ ಮುಂದೆ ಕುಳಿತು ಬರೀ ತಪ್ಪುಗಳ ಪಟ್ಟಿ ನೋಡುತ್ತಿದ್ದರೆ ಕಾಲ ವ್ಯರ್ಥವಾಗುತ್ತಿದೆ ಎಂದು ಎದೆಗುಂದಬೇಕಾಗಿಲ್ಲ. ಆ ಪಟ್ಟಿ ಓದಲು ಬರುವವರಿಗೇ ಈ ಕ್ಷೇತ್ರದಲ್ಲಿ ಬೆಲೆ. ಬೇಕಾದ ಕಂಪೈಲರ್, ಫ್ರೀಆರ್‌ಟಿಓಎಸ್, ಎಸ್‌ಕ್ಯೂಲೈಟ್ ಮೂರೂ ಉಚಿತ. ಸಾಧಾರಣ ಕಂಪ್ಯೂಟರ್ ಮತ್ತು ಒಂದು ಬೋರ್ಡ್ ಇದ್ದರೆ ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ ಮನೆಯಲ್ಲೇ ಕುಳಿತು ಕಲಿಯಬಹುದು. ಮೊದಲು ಸಿ ಭಾಷೆಯನ್ನು ಚೆನ್ನಾಗಿ ಕಲಿತು, ಆಮೇಲೆ ಬೋರ್ಡಿಗೆ ಕೈಹಾಕುವುದು ಒಳ್ಳೆಯದು. ತಪ್ಪಿನ ಸಾಲು ಅಳಿಸಿಹೋಗುವಂತೆ ಮಾಡಿದರೆ ಸಾಕೇ, ಅದು ಕೇಳಿದ್ದನ್ನು ಕೊಡಬೇಕೇ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಹಾಕಿಕೊಳ್ಳುವ ಅಭ್ಯಾಸ ಮಾತ್ರ ಯಾವ ಕೋರ್ಸಿನಲ್ಲೂ ಸಿಗದು, ಮೊದಲ ಪ್ರಾಜೆಕ್ಟಿನಲ್ಲೇ ಬರಬೇಕು. ಆ ಯಂತ್ರ ಬರೆದಿಟ್ಟ ಅಂಕಿಯನ್ನು ನಂಬಿ ಯಾವುದೋ ಕಚೇರಿ ಒಂದು ಊರಿಗೆ ಮಳೆಯಾಗಿದೆ ಅಥವಾ ಆಗಿಲ್ಲ ಎಂದು ತೀರ್ಮಾನಿಸಲಿದೆ. ತಮ್ಮೂರಿನ ಹೊಲವನ್ನು ನೆನೆದು ಬರೆದರೆ ಖಾಲಿ ಕಾರ್ಯ ಬರೆಯಲು ಕೈ ಬಾರದು.